ಹಿತ್ತಲಿಗೆ ಬೆಕ್ಕುಗಳ ಕಾಟ ಕಡಿಮೆಯಾದದ್ದು ಹೀಗೆ

ಮೈಸೂರಿನ ನಮ್ಮ ಮನೆ ಹಿತ್ತಲಲ್ಲಿ ಎರಡು ಸೊಪ್ಪಿನ ಮಡಿ, ಒಂದು ಕರಿಬೇವಿನ ಗಿಡ ಇವೆ. ನಮ್ಮ ನಾಯಿ ರಾಜ ಓಡಾಡುವುದೂ ಅಲ್ಲೇ. ಕಳೆದ ಬೇಸಿಗೆಯಲ್ಲಿ ಬೀದಿಯ ಮೂರು ಬೆಕ್ಕುಗಳು ರಾತ್ರಿ ಕಾಂಪೌಂಡ್ ಹಾರಿ ಬರತೊಡಗಿದವು. ರಾಜ ಬೆಳಗಿನ ತನಕ ಬೊಗಳುತ್ತಿದ್ದ. ಒಮ್ಮೆ ಮೂಗು ಪರಚಿಸಿಕೊಂಡ. ಅದಕ್ಕಿಂತ ಜಾಸ್ತಿ ಭಯವಾದದ್ದು, ಮಡಿಯಲ್ಲಿದ್ದ ಬೆಕ್ಕಿನ ಹೊಲಸನ್ನು ಅವನು ತಿನ್ನುವುದನ್ನು ನೋಡಿ. ಜಂತುಹುಳು ಸೇರಲು ಇನ್ನೇನು ಬೇಕು?

ನುಸಿಗುಳಿಗೆ ಇಡಿ ಎಂದು ಒಬ್ಬರು ಹೇಳಿದರು. ದಯವಿಟ್ಟು ಇಡಬೇಡಿ. ಅದು ನಾಯಿಗೂ ಬೆಕ್ಕಿಗೂ ವಿಷ. ಕಾಫಿ ಚರಟವೂ ಬೇಡ, ನಾಯಿ ತಿಂದರೆ ಅಪಾಯ.

ಎರಡು ರಾತ್ರಿ ಕಿಟಕಿಯಲ್ಲಿ ಕೂತು ನೋಡಿದೆ. ಬೆಕ್ಕುಗಳು ಮೊದಲು ಹೋಗುತ್ತಿದ್ದದ್ದು ರಾಜ ಬಿಟ್ಟ ಅನ್ನದ ತಟ್ಟೆಗೆ. ಆಮೇಲೆ ಒಣಗಿದ, ಸಡಿಲ ಮಣ್ಣಿಗೆ. ತಪ್ಪು ನಮ್ಮದೇ ಅಲ್ವಾ? ಅಂದಿನಿಂದ ಸಂಜೆ ಏಳಕ್ಕೆ ತಟ್ಟೆ ಒಳಗೆ ತರುತ್ತೇನೆ. ಮಡಿಯ ಮೇಲೆ ಕೋಳಿಗೂಡಿನ ತಂತಿ ಬಲೆ ಹಾಸಿ, ಅಂಚುಗಳನ್ನು ಮಣ್ಣಿನೊಳಗೆ ಮಡಚಿದೆ. ಸೊಪ್ಪು ಬಲೆಯ ಕಣ್ಣಿನಿಂದಲೇ ಮೇಲೆ ಬಂತು. ಕೆರೆಯಲು ಜಾಗವಿಲ್ಲದೆ ಬೆಕ್ಕುಗಳು ವಾಪಸ್ ಹೋದವು. ಖಾಲಿ ಮಣ್ಣಿನ ಮೇಲೆ ತೆಂಗಿನ ಚಿಪ್ಪಿನ ಚೂರು ಹರಡಿದೆ.

ಬೆಕ್ಕುಗಳಿಗೆ ಹಾಲು ಹಾಕುವ ಪಕ್ಕದ ಮನೆ ಅಜ್ಜಿಯ ಹತ್ತಿರವೂ ಮಾತಾಡಿದೆ. ಅವರ ಶೆಡ್ಡಿನಲ್ಲಿ ಒಂದು ಬಾಂಡ್ಲಿ ಮರಳು ಇಟ್ಟುಕೊಟ್ಟೆ. ಈಗ ಮೂರೂ ಅಲ್ಲಿಗೇ ಹೋಗುತ್ತವೆ. ರಾಜನಿಗೆ ಜಂತುಹುಳುವಿನ ಔಷಧಿ ಕೊಡಿಸಿದ್ದೇನೆ. ರಾತ್ರಿ ನಿದ್ದೆ ಮಾಡುತ್ತಾನೆ.