ಅಗ್ಗದ ಮಾಲು ಬಿಚ್ಚಿದಾಗ: ನನ್ನ ರಿಪೇರಿಯ ಕ್ರಮ

ದೊಡ್ಡ ಮಳಿಗೆಗಳಲ್ಲಿ ರಾಶಿ ಹಾಕಿ ಮಾರುವ ಅಗ್ಗದ ಸಾಮಾನು ಕೆಟ್ಟರೆ ರಿಪೇರಿಗೆ ತೆಗೆದುಕೊಳ್ಳುವವರಿಲ್ಲ. ವಾರಂಟಿ ಇದ್ದರೆ ಹೊಸದು ಕೊಟ್ಟು ಹಳೆಯದನ್ನು ಅವರೇ ಕಸಕ್ಕೆ ಹಾಕುತ್ತಾರೆ, ಇಲ್ಲದಿದ್ದರೆ ಆ ಕೆಲಸ ನಮ್ಮದು. ಬಿಡಿಭಾಗ ಸಿಗುವುದಿಲ್ಲ ಅನ್ನುವುದು ಮಾತ್ರ ಅರ್ಧ ನಿಜ. ಬೇರೆ ಬೇರೆ ಹೆಸರಿನ ಸ್ಟಿಕರ್ ಹೊತ್ತ ಡಬ್ಬಗಳೊಳಗೆ ಎಷ್ಟೋ ಸಲ ಒಂದೇ ಅಚ್ಚಿನ ಮಾಲು ಇರುತ್ತದೆ. ಹಾಗಾಗಿ ಕೆಟ್ಟ ಒಂದರ ಭಾಗ ಇನ್ನೊಂದಕ್ಕೆ ಸಲೀಸಾಗಿ ಕೂರುತ್ತದೆ. ಕೆಡುವುದೂ ಹೆಚ್ಚಾಗಿ ಎರಡೇ ಕಡೆ: ಬಿಸಿಯಾಗುವ ಜಾಗದಲ್ಲಿ, ಇಲ್ಲವೇ ಲೋಹದ ಸ್ಕ್ರೂ ಮೆತ್ತನೆಯ ವಸ್ತುವನ್ನು ಹಿಡಿದಿರುವ ಜಾಗದಲ್ಲಿ.

ಹೆಚ್ಚು ಬರುವುದು ಎಲ್‌ಇಡಿ ಬಲ್ಬು. ಬಿಳಿ ಮುಚ್ಚಳದ ಅಂಚಿಗೆ ತೆಳ್ಳನೆಯ ಚಾಕು ತೂರಿಸಿ ಸುತ್ತಲೂ ಸ್ವಲ್ಪ ಸ್ವಲ್ಪವಾಗಿ ಎಬ್ಬಿಸಿದರೆ ಅದು ಬಿಟ್ಟುಕೊಳ್ಳುತ್ತದೆ. ಒಳಗೆ ಅಲ್ಯೂಮಿನಿಯಂ ತಟ್ಟೆಯ ಮೇಲೆ ಹಳದಿ ಬಣ್ಣದ ಎಲ್‌ಇಡಿಗಳು ಒಂದರ ಹಿಂದೆ ಒಂದರಂತೆ ಸೀರೀಸ್‌ನಲ್ಲಿರುತ್ತವೆ. ಹಾಗಾಗಿ ಒಂದು ಸುಟ್ಟರೆ ಬಲ್ಬು ಪೂರ್ತಿ ಕತ್ತಲು. ಸುಟ್ಟದ್ದರ ಹಳದಿ ಮೈಮೇಲೆ ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆ ಇರುತ್ತದೆ. ಚುಕ್ಕೆ ಕಾಣದಿದ್ದರೆ 9 ವೋಲ್ಟ್ ಬ್ಯಾಟರಿಗೆ 1 ಕಿಲೋ ಓಮ್ ರೆಸಿಸ್ಟರ್ ಜೋಡಿಸಿ ಒಂದೊಂದನ್ನೇ ಮುಟ್ಟಿಸಿ ನೋಡುತ್ತೇನೆ. ಒಂದೂ ಬೆಳಗದಿದ್ದರೆ ಎಲ್ಲವೂ ಹೋಗಿವೆ ಎಂದಲ್ಲ, ಅವು ಹೆಚ್ಚು ವೋಲ್ಟೇಜಿನವು ಇರಬಹುದು. ಆಗ ಎರಡು ಮೂರು ಬ್ಯಾಟರಿ ಸೇರಿಸಬೇಕು. ಮಲ್ಟಿಮೀಟರ್‌ನ ಡಯೋಡ್ ಪರೀಕ್ಷೆ ಇಲ್ಲಿ ಮೋಸ ಮಾಡುತ್ತದೆ, ಅಷ್ಟು ವೋಲ್ಟೇಜ್ ಅದರಲ್ಲಿರುವುದಿಲ್ಲ.

ಇಷ್ಟಕ್ಕೂ ಮುಂಚೆ, ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಕೆಪಾಸಿಟರನ್ನು ಖಾಲಿ ಮಾಡಲೇಬೇಕು. 230 ವೋಲ್ಟ್ ಲೈನಿನಲ್ಲಿ ಅದರೊಳಗೆ ಸುಮಾರು 325 ವೋಲ್ಟ್ ಕೂತಿರುತ್ತದೆ. 10 ಕಿಲೋ ಓಮ್ ರೆಸಿಸ್ಟರನ್ನು ಎರಡೂ ಕಾಲುಗಳಿಗೆ ಕೆಲವು ಸೆಕೆಂಡು ಹಿಡಿದು, ಮೀಟರ್‌ನಲ್ಲಿ ನೋಡಿಕೊಂಡೇ ಕೈ ಹಾಕುವುದು.

ಸುಟ್ಟ ಎಲ್‌ಇಡಿಯನ್ನು ಬೆಸುಗೆ ಕರಗಿಸಿ ತೆಗೆಯಲು ಹೋದರೆ ಅಲ್ಯೂಮಿನಿಯಂ ಶಾಖವನ್ನೆಲ್ಲ ಹೀರಿಬಿಡುತ್ತದೆ, 25 ವ್ಯಾಟಿನ ಬೆಸುಗೆ ಐರನ್ ಸಾಲುವುದಿಲ್ಲ. ಚಾಕುವಿನಿಂದ ಅದನ್ನು ಒಡೆದು ತೆಗೆದು, 60 ವ್ಯಾಟಿನ ಐರನ್‌ನಿಂದ ಎರಡು ಪ್ಯಾಡ್‌ಗಳ ನಡುವೆ ಬೆಸುಗೆಯ ಸೇತುವೆ ಕಟ್ಟುವುದು ಸುಲಭ. ಆದರೆ ಎಲ್‌ಇಡಿಗೆ ಕರೆಂಟ್ ಕೊಡುವ ಸರ್ಕ್ಯೂಟ್, ಅಂದರೆ ಡ್ರೈವರ್‌ನಲ್ಲಿ ತಂತಿ ಸುತ್ತಿದ ಕಾಯಿಲ್ ಇದೆಯೇ ನೋಡಿ. ಕಾಯಿಲ್ ಇದ್ದರೆ ಒಂದು ಎಲ್‌ಇಡಿ ಕಡಿಮೆಯಾದರೂ ಡ್ರೈವರ್ ತಾನೇ ಹೊಂದಿಸಿಕೊಳ್ಳುತ್ತದೆ. ಕಾಯಿಲ್ ಇಲ್ಲದ ಅಗ್ಗದ ಬಗೆಯಲ್ಲಿ, ಆ ಎಲ್‌ಇಡಿ ಹೊರುತ್ತಿದ್ದ ವೋಲ್ಟೇಜ್ ಪೂರ್ತಿ ಡ್ರೈವರಿನ ಚಿಪ್ಪಾದ ಐಸಿಯ ತಲೆ ಮೇಲೆ ಬೀಳುತ್ತದೆ. ಆಗ ಮುಂದೆ ಹೇಳುವ ಹೆಜ್ಜೆ ಬಿಡುವಂತಿಲ್ಲ, ಕರೆಂಟ್ ಇಳಿಸಲೇಬೇಕು.

ಐಸಿ ಪಕ್ಕದಲ್ಲಿ ಜೋಡಿಯಾಗಿ ಎರಡು ಚಿಕ್ಕ ರೆಸಿಸ್ಟರ್‌ಗಳಿರುತ್ತವೆ, ಕೆಲವು ಓಮ್‌ನಿಂದ ಹತ್ತಾರು ಓಮ್‌ವರೆಗಿನವು. ಎಲ್‌ಇಡಿಗೆ ಹರಿಯುವ ಕರೆಂಟನ್ನು ನಿರ್ಧರಿಸುವುದು ಇವೇ. ಉದಾಹರಣೆಗೆ 12 ಮತ್ತು 18 ಓಮ್ ಅಕ್ಕಪಕ್ಕ, ಅಂದರೆ ಪ್ಯಾರಲಲ್‌ನಲ್ಲಿದ್ದರೆ ಒಟ್ಟು 7.2 ಓಮ್. 18ರದ್ದನ್ನು ತೆಗೆದರೆ 12 ಉಳಿಯುತ್ತದೆ, ಕರೆಂಟ್ 60 ಶೇಕಡಕ್ಕೆ ಇಳಿಯುತ್ತದೆ. ಬೆಳಕು ಅಷ್ಟು ಇಳಿಯುವುದಿಲ್ಲ, ಏಕೆಂದರೆ ತಣ್ಣಗಿರುವ ಎಲ್‌ಇಡಿ ಅದೇ ವಿದ್ಯುತ್ತಿಗೆ ಹೆಚ್ಚು ಬೆಳಕು ಕೊಡುತ್ತದೆ. 12ರದ್ದನ್ನು ತೆಗೆದುಬಿಟ್ಟರೆ 40 ಶೇಕಡಕ್ಕೆ ಬಂದು ಬಲ್ಬು ಮಂಕಾಗುತ್ತದೆ. ಹೊಸ ಬಲ್ಬಿಗೂ ನಾನು ಇದನ್ನೇ ಮಾಡುತ್ತೇನೆ. ದುಬೈಗಾಗಿ ಫಿಲಿಪ್ಸ್ ಮಾಡಿಕೊಟ್ಟ ಬಲ್ಬಿನ ಗುಟ್ಟೂ ಇಷ್ಟೇ: ಹೆಚ್ಚು ಎಲ್‌ಇಡಿ, ಕಡಿಮೆ ಕರೆಂಟ್, 3 ವ್ಯಾಟಿಗೆ 600 ಲ್ಯೂಮೆನ್. ಮಾಮೂಲಿ ಬಲ್ಬು ಕಡಿಮೆ ಎಲ್‌ಇಡಿ ಹಾಕಿ ಅವನ್ನು ಕಾಯಿಸುತ್ತದೆ, ಅಷ್ಟರಲ್ಲೇ ಅದರ ಆಯುಸ್ಸು ಕರಗುತ್ತದೆ.

ಮುಚ್ಚಳ ಹಾಕದೆ ಲೈನಿಗೆ ಕೊಡಬೇಡಿ, ಅಲ್ಲಿ ಲೋಹದ ಯಾವ ಭಾಗವನ್ನೂ ನಂಬುವಂತಿಲ್ಲ. ಮೊದಲ ಸಲ ಸೀರೀಸ್ ಬೋರ್ಡಿನ, ಅಂದರೆ ಲೈನಿನ ದಾರಿಯಲ್ಲಿ ಇನ್ನೊಂದು ಬಲ್ಬು ಜೋಡಿಸಿದ ಬೋರ್ಡಿನ, ಮೂಲಕವೇ ಕೊಡುತ್ತೇನೆ. ಅದರಲ್ಲಿರುವ 60 ವ್ಯಾಟಿನ ಹಳೆಯ ತಂತಿ ಬಲ್ಬು ಪೂರ್ತಿ ಉರಿದರೆ ಒಳಗೆ ಶಾರ್ಟ್ ಇದೆ ಎಂದರ್ಥ.

ಫ್ಯಾನಿನ ಕಥೆ ಚಿಕ್ಕದು. ಕೈಯಿಂದ ತಳ್ಳಿದರೆ ತಿರುಗುತ್ತದೆ, ತಾನಾಗಿ ಶುರುವಾಗುವುದಿಲ್ಲ ಎಂದರೆ ಮೊದಲು ಕೆಪಾಸಿಟರ್ ಅಳೆಯಿರಿ. 2.5 ಮೈಕ್ರೋಫ್ಯಾರಡ್ ಎಂದು ಬರೆದದ್ದು 1.5 ತೋರಿಸಿದರೆ ಅದರ ಕೆಲಸ ಮುಗಿದಿದೆ. ಅದೇ ಅಳತೆಯದನ್ನೇ ಹಾಕಿ, ವೋಲ್ಟೇಜ್ ರೇಟಿಂಗ್ ಹಳೆಯದಕ್ಕಿಂತ ಕಡಿಮೆ ಇರಬಾರದು. ವೇಗ ಹೆಚ್ಚಲಿ ಎಂದು ದೊಡ್ಡದು ಹಾಕಿದರೆ ಮೋಟಾರಿನ ತಂತಿ ಸುತ್ತು, ಅಂದರೆ ವೈಂಡಿಂಗ್, ಕಾದು ಸುಡುತ್ತದೆ. ಕೆಪಾಸಿಟರ್ ಸರಿಯಿದ್ದು ಶಾಫ್ಟ್ ಬಿಗಿಯಾಗಿದ್ದರೆ ಅದು ತಿರುಗುವ ಲೋಹದ ಬಳೆ, ಬುಷ್, ಒಣಗಿದೆ. ಹಳೆಯ ಜಿಡ್ಡನ್ನು ಒರೆಸಿ, ಬುಷ್ ಸುತ್ತಲಿನ ಫೆಲ್ಟಿಗೆ ಹೊಲಿಗೆ ಯಂತ್ರದ ಎಣ್ಣೆ ಮೂರ್ನಾಲ್ಕು ಹನಿ ಬಿಡಬೇಕು. ಅಡುಗೆ ಎಣ್ಣೆ ಬಿಟ್ಟವರ ಫ್ಯಾನು ಅಂಟಾಗಿ ಮತ್ತೆ ಟೇಬಲ್ಲಿಗೆ ಬರುತ್ತದೆ. ಪೂರ್ತಿ ಸತ್ತಂತಿದ್ದರೆ ವೈಂಡಿಂಗ್‌ನೊಳಗಿನ ಥರ್ಮಲ್ ಫ್ಯೂಸ್ ನೋಡಿ, ಅತಿಯಾಗಿ ಕಾದರೆ ಕರೆಂಟ್ ಕಡಿಯುವುದು ಅದೇ. ಅದಕ್ಕೆ ಬೆಸುಗೆ ಹಾಕಿದರೆ ಐರನ್ನಿನ ಶಾಖಕ್ಕೇ ಹೊಸದೂ ಹೋಗುತ್ತದೆ, ತುದಿಗಳನ್ನು ಲೋಹದ ಕೊಳವೆಯಲ್ಲಿ ಒತ್ತಿ ಕ್ರಿಂಪ್ ಮಾಡಬೇಕು. ಅದರ ಬದಲು ತಂತಿ ಹಾಕಿ ನೇರ ಮಾಡುವವರಿದ್ದಾರೆ. ಬೆಂಕಿ ಹೊತ್ತುವುದು ಹಾಗೆಯೇ.

ಪಾರ್ಟಿಕಲ್ ಬೋರ್ಡಿನ ಕಪಾಟುಗಳಲ್ಲಿ ಬಾಗಿಲಿನ ಹಿಂಜ್ ಕಿತ್ತು ಬರುವುದು ಮಾಮೂಲು. ಅದು ಅಂಟಿನಲ್ಲಿ ಒತ್ತಿದ ಮರದ ಚೂರು, ಸ್ಕ್ರೂ ಒಮ್ಮೆ ಸಡಿಲವಾದರೆ ರಂಧ್ರದ ಗೋಡೆ ಪುಡಿಯಾಗುತ್ತದೆ. ಅದೇ ಜಾಗಕ್ಕೆ ದಪ್ಪ ಸ್ಕ್ರೂ ಹಾಕಿದರೆ ಸ್ವಲ್ಪ ದಿನ ನಿಂತು ದೊಡ್ಡ ತುಂಡಿನ ಸಮೇತ ಬರುತ್ತದೆ. ನಾನು ರಂಧ್ರವನ್ನು 8 ಮಿ.ಮೀ. ಮಾಡಿ, ಹಲಗೆಯ ಹಿಂಬದಿ ತೂತಾಗದಂತೆ ಡ್ರಿಲ್ ಬಿಟ್ಟಿಗೆ ಟೇಪ್ ಗುರುತು ಹಾಕಿ ಕೊರೆದು, ಪುಡಿ ಊದಿ ತೆಗೆದು, ಬಿಳಿ ಮರದಂಟು ತುಂಬಿ 8 ಮಿ.ಮೀ. ಗಟ್ಟಿಮರದ ಗೂಟ ಹೊಡೆಯುತ್ತೇನೆ. ಒಂದು ರಾತ್ರಿ ಒಣಗಿದ ಮೇಲೆ ಗೂಟವನ್ನು ಸಮ ಮಾಡಿ, 4 ಮಿ.ಮೀ. ಸ್ಕ್ರೂಗೆ 2.5 ಮಿ.ಮೀ. ದಾರಿ ಕೊರೆದು ಹಾಕಿದರೆ ಮೊದಲಿಗಿಂತ ಗಟ್ಟಿ. ನೀರು ಕುಡಿದು ಉಬ್ಬಿದ ಹಲಗೆಗೆ ಮಾತ್ರ ಮದ್ದಿಲ್ಲ.

ಪ್ಲಾಸ್ಟಿಕ್ ಒಡೆದರೆ ಮೊದಲು ಯಾವ ಜಾತಿ ನೋಡಬೇಕು. ತ್ರಿಕೋನದೊಳಗೆ 5 ಇದ್ದರೆ ಅದು ಪಾಲಿಪ್ರೊಪಿಲೀನ್. ಅದಕ್ಕೆ ಮಾಮೂಲಿ ಅಂಟು ಹಿಡಿಯುವುದಿಲ್ಲ. ಸ್ಟೇಪ್ಲರ್ ಪಿನ್ನನ್ನು ಐರನ್‌ನಿಂದ ಕಾಯಿಸಿ ಬಿರುಕಿಗೆ ಅಡ್ಡವಾಗಿ ಒಳಕ್ಕಿಳಿಸಿ, ಮೇಲಿನ ಪ್ಲಾಸ್ಟಿಕ್ಕನ್ನು ಕರಗಿಸಿ ಮುಚ್ಚುವುದೇ ದಾರಿ, ಕಿಟಕಿ ತೆರೆದಿಟ್ಟುಕೊಂಡು. ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಆದರೆ ಅದರದೇ ಚೂರುಗಳನ್ನು ಅಸಿಟೋನಿನಲ್ಲಿ ಗಂಜಿಯಂತೆ ಕರಗಿಸಿ ಹಚ್ಚಿದರೆ ಸಾಕು.

ಕೆಲವನ್ನು ಮುಟ್ಟುವುದೇ ಇಲ್ಲ. ಉಬ್ಬಿದ ಲಿಥಿಯಂ ಬ್ಯಾಟರಿ ಮೊದಲನೆಯದು. ಅದನ್ನು ಟರ್ಮಿನಲ್‌ಗೆ ಟೇಪ್ ಸುತ್ತಿ ಇ-ತ್ಯಾಜ್ಯಕ್ಕೆ ಕೊಡುವುದು. ಹೆಸರಿಲ್ಲದ ಮೊಬೈಲ್ ಚಾರ್ಜರ್ ಎರಡನೆಯದು. ಬಿಚ್ಚಿ ನೋಡಿದರೆ ಲೈನಿನ ಕಡೆಯ ತಾಮ್ರಕ್ಕೂ ಫೋನಿನ ಕಡೆಯ ತಾಮ್ರಕ್ಕೂ 5–6 ಮಿ.ಮೀ. ಅಂತರ ಬೇಕಾದಲ್ಲಿ ಒಂದೆರಡು ಮಿ.ಮೀ. ಕೂಡ ಇರುವುದಿಲ್ಲ. ಸುರಕ್ಷತೆಯ ವೈ ಕೆಪಾಸಿಟರ್ ಜಾಗದಲ್ಲಿ ಸಾಧಾರಣ ಸೆರಾಮಿಕ್ ಕೂತಿರುತ್ತದೆ. ಇದನ್ನು ರಿಪೇರಿ ಮಾಡಿದರೂ ಇದ್ದ ಅಪಾಯವೇ ವಾಪಸ್ ಬರುತ್ತದೆ. ಅಂಥದ್ದನ್ನು ಎಸೆಯುವ ಮುಂಚೆ ಗೋಡೆಗೆ ಚುಚ್ಚುವ ಪಿನ್ನುಗಳನ್ನು ಕಟಿಂಗ್ ಪ್ಲೇಯರ್‌ನಿಂದ ಮುರಿದುಹಾಕುತ್ತೇನೆ, ಕಸದಿಂದ ಎತ್ತಿಕೊಂಡವರು ಅದನ್ನು ಮತ್ತೆ ಬಳಸದ ಹಾಗೆ.