ಆರನೇ ಆಜ್ಞೆ, ಐವತ್ತನೇ ಕೀರ್ತನೆ: ದ್ವೀಪದ ಮೇಲೊಂದು ಗೋಥಿಕ್ ಪತ್ತೇದಾರಿ ಕಾದಂಬರಿ ಬರೆದ ನನ್ನ ಅನುಭವ

ಗೋಥಿಕ್ ಅಂದ ಕೂಡಲೇ ಮಂಜು, ಪಾಳು ಚರ್ಚು, ಕಿರ್ರೆನ್ನುವ ಬಾಗಿಲು, ತಾನೇ ಆರಿಹೋಗುವ ಮೇಣದಬತ್ತಿ ನೆನಪಾಗುತ್ತವೆ. ಬೇಡ ಅನ್ನುವುದಿಲ್ಲ, ಮಂಜನ್ನು ನಾನೂ ಧಾರಾಳವಾಗಿ ಬಳಸಿದ್ದೇನೆ. ಆದರೆ ಅದರ ಬಲ ಎರಡು ಅಧ್ಯಾಯಕ್ಕೆ ಮುಗಿಯುತ್ತದೆ. ಮೂರನೆಯದಕ್ಕೆ ಬೇರೆ ಭಯ ಬೇಕು. ಅದಕ್ಕೇ ಕೊಲೆಗಾರ ಯಾರು ಅಂತ ಯೋಚಿಸುವ ಮೊದಲು ಒಂದು ಪ್ರಶ್ನೆ ಹಾಕಿಕೊಂಡೆ: ಈ ದ್ವೀಪದವರು ಯಾವ ಸಭೆಯವರು, ಅಂದರೆ ಕ್ರೈಸ್ತರಲ್ಲಿ ಯಾವ ಪಂಗಡದವರು?

ಕಥೆಯ ಅರ್ಧ ಭಾಗ ಈ ಉತ್ತರದ ಮೇಲೆ ನಿಂತಿರುತ್ತದೆ. ಕ್ಯಾಥೊಲಿಕ್ ದ್ವೀಪವಾದರೆ ಪಾಪನಿವೇದನೆ ಇರುತ್ತದೆ, ಅಂದರೆ ಮರೆಗೂಡಿನಲ್ಲಿ ಕೂತ ಪಾದ್ರಿಗೆ ಮಾಡಿದ ಪಾಪವನ್ನು ಗುಟ್ಟಾಗಿ ಹೇಳಿಕೊಳ್ಳುವುದು. ಕೊಂದವನು ಯಾರೆಂದು ಪಾದ್ರಿಗೆ ಗೊತ್ತು, ಬಾಯಿ ಬಿಡುವ ಹಾಗಿಲ್ಲ. ಚೆನ್ನಾಗಿದೆ, ಆದರೆ ಆ ದಾರಿ ತುಂಬ ಸವೆದಿದೆ. ಪ್ರೆಸ್ಬಿಟೇರಿಯನ್, ಅಂದರೆ ಹಿರಿಯರು ನಡೆಸುವ ಪ್ರೊಟೆಸ್ಟಂಟ್ ಪಂಗಡದ ದ್ವೀಪವಾದರೆ ಆ ಗೂಡೇ ಇಲ್ಲ. ಸಭೆಯ ಹಿರಿಯರು ಕೂತು, ತಪ್ಪು ಮಾಡಿದವರನ್ನು ಕರೆಸಿ ವಿಚಾರಿಸುತ್ತಾರೆ. ಅಲ್ಲಿ ಗುಟ್ಟು ಎಲ್ಲರ ಮುಂದೆ ಬರುತ್ತದೆ, ಇಲ್ಲವೇ ಯಾರ ಮುಂದೂ ಬರುವುದಿಲ್ಲ. ನಾನು ಇದನ್ನೇ ಆರಿಸಿಕೊಂಡೆ. ಹಾಗಾಗಿ ಆರ್ಗನ್ ಇಲ್ಲ, ಬಣ್ಣದ ಗಾಜಿಲ್ಲ, ಸಂತರ ಮೂರ್ತಿಗಳಿಲ್ಲ. ಬೋಳು ಗೋಡೆಯ ಚರ್ಚು. ಯಾವ ವಾದ್ಯವೂ ಇಲ್ಲದೆ, ಅಲ್ಲಿನ ಹಳೆಯ ಭಾಷೆಯಾದ ಗೇಲಿಕ್‌ನಲ್ಲಿ ಹಾಡುವ ಬೈಬಲ್ಲಿನ ಕೀರ್ತನೆ. ಒಬ್ಬ ಒಂದು ಸಾಲು ಎತ್ತಿಕೊಡುತ್ತಾನೆ. ಉಳಿದವರು ಒಬ್ಬೊಬ್ಬರೂ ತಮ್ಮ ತಮ್ಮ ಎಳೆತದಲ್ಲಿ ಅದನ್ನು ಹಿಂಬಾಲಿಸುತ್ತಾರೆ. ಗೇಲಿಕ್ ಗೊತ್ತಿಲ್ಲದವರೂ ಅದರ ರೆಕಾರ್ಡಿಂಗ್ ಹುಡುಕಿ ಕೇಳಿ. ಯಾವ ಆರ್ಗನ್ನೂ ಇಷ್ಟು ಮೈ ಜುಮ್ಮೆನಿಸುವುದಿಲ್ಲ.

ಮಾದರಿಗೆ ಸೇಂಟ್ ಕಿಲ್ಡಾ ಇತ್ತು. ಸ್ಕಾಟ್‌ಲೆಂಡಿನ ಪಶ್ಚಿಮಕ್ಕೆ, ನಾರ್ತ್ ಯೂಯಿಸ್ಟ್ ದ್ವೀಪದಿಂದಲೂ ಸುಮಾರು 64 ಕಿ.ಮೀ. ಆಚೆ ಅಟ್ಲಾಂಟಿಕ್‌ನಲ್ಲಿ ಇರುವ ದ್ವೀಪಗಳ ಗುಂಪು. ಕೊನೆಗೆ ಉಳಿದಿದ್ದ 36 ಮಂದಿ 1930ರ ಆಗಸ್ಟ್ 29ರಂದು, ತಾವೇ ಕೇಳಿಕೊಂಡು, ದ್ವೀಪ ಬಿಟ್ಟರು. ಹೊರಡುವಾಗ ಮನೆಮನೆಯಲ್ಲೂ ತೆರೆದ ಬೈಬಲ್ಲು ಮತ್ತು ಒಂದಿಷ್ಟು ಓಟ್ಸ್ ಕಾಳು ಇಟ್ಟು ಹೋದರು ಅನ್ನುತ್ತಾರೆ. ನನ್ನ ದ್ವೀಪ ಮಾತ್ರ ಕಲ್ಪನೆಯದು. ಸೇಂಟ್ ಕಿಲ್ಡಾದಿಂದ ಹೊರಟವರ ಮೊಮ್ಮಕ್ಕಳು ಇಂದಿಗೂ ಇರುತ್ತಾರೆ. ಅವರ ಅಜ್ಜನ ಮನೆಯಲ್ಲಿ ನಾನೊಬ್ಬ ಕೊಲೆಗಾರನನ್ನು ಕೂರಿಸುವುದು ಸರಿಯಲ್ಲ ಅಲ್ವಾ? ಕಾಲ 1880ರ ದಶಕ.

ಜಾಗ ಕಲ್ಪನೆಯದಾದರೂ ಭಯಗಳನ್ನೆಲ್ಲ ನಿಜದಿಂದಲೇ ತಂದೆ. ಹಡಗು ಬಂದು ಹೋದ ಮೇಲೆ ಸೇಂಟ್ ಕಿಲ್ಡಾದಲ್ಲಿ ಊರಿಗೆ ಊರೇ ಕೆಮ್ಮುತ್ತಿತ್ತು. ಹೊರಗಿನವರು ತಂದ ಕೆಮ್ಮು ಅದು. ಇನ್ನೊಂದು, ಎಂಟು ದಿನದ ಕಾಯಿಲೆ. ಹುಟ್ಟಿದ ಮಗು ಮೂರ್ನಾಲ್ಕು ದಿನ ಚೆನ್ನಾಗಿರುತ್ತಿತ್ತು. ಆಮೇಲೆ ದವಡೆ ಬಿಗಿದು, ಹಾಲು ಕುಡಿಯಲಾಗದೆ, ಎಂಟನೇ ದಿನದ ಹೊತ್ತಿಗೆ ತೀರಿಕೊಳ್ಳುತ್ತಿತ್ತು. ಹೊಕ್ಕುಳಿನ ಗಾಯದಿಂದ ಹತ್ತುವ ಧನುರ್ವಾಯು ಇದು. ಆದರೆ ಜನ ದೇವರ ಚಿತ್ತ ಅಂತ ತಲೆಬಾಗಿದ್ದರು. ಸೂಲಗಿತ್ತಿಯ ಕೆಲಸ ಮತ್ತು ಶುಚಿತ್ವ ಕಲಿತು ಬಂದ ಆಂಗಸ್ ಫಿಡ್ಸ್ ಎಂಬ ಸಭಾಪಾಲಕರಿಂದ, ಅಂದರೆ ಆ ಸಭೆಯ ಪಾದ್ರಿಯಿಂದ, 1890ರ ದಶಕದಲ್ಲಿ ಅದು ನಿಂತಿತು. ನನ್ನ ಕಥೆ ನಡೆಯುವುದು ಅದಕ್ಕೂ ಮೊದಲು. ತೊಟ್ಟಿಲ ಪಕ್ಕ ಕೂತು ದಿನ ಎಣಿಸುವ ತಾಯಿಗಿಂತ ದೊಡ್ಡ ದೆವ್ವ ಬೇಕೇ?

ಭಾನುವಾರವೂ ಅಷ್ಟೇ. ಸೇಂಟ್ ಕಿಲ್ಡಾದಲ್ಲಿ 1865ರಿಂದ 1889ರವರೆಗೆ ಇದ್ದ ಜಾನ್ ಮಕೇ ಎಂಬ ಸಭಾಪಾಲಕರ ಕಾಲದ ಭಾನುವಾರಗಳ ಕಟ್ಟುನಿಟ್ಟಿನ ಬಗ್ಗೆ ಬಂದವರೆಲ್ಲ ಬರೆದಿದ್ದಾರೆ. ಆ ದಿನ ಕೆಲಸ ಮಾಡುವ ಹಾಗಿರಲಿಲ್ಲ, ಮಕ್ಕಳೂ ಆಡುವ ಹಾಗಿರಲಿಲ್ಲ. ನನ್ನ ಕಥೆಯಲ್ಲಿ ಬಂಡೆಯ ಕೆಳಗೆ ಹೆಂಗಸೊಬ್ಬಳ ಹೆಣ ಸಿಗುವುದು ಭಾನುವಾರ ಬೆಳಿಗ್ಗೆ. ಹಗ್ಗ ಕಟ್ಟಿ ಎತ್ತುವುದು ಕೆಲಸವೋ ಕರುಣೆಯೋ? ಅವರು ಬಾಯಿಪಾಠ ಮಾಡಿದ ವೆಸ್ಟ್‌ಮಿನ್ಸ್ಟರ್ ಕಿರು ಪ್ರಶ್ನೋತ್ತರ ಎಂಬ ಧರ್ಮಬೋಧೆಯ ಪುಸ್ತಕದಲ್ಲಿ ಅನಿವಾರ್ಯದ ಮತ್ತು ಕರುಣೆಯ ಕೆಲಸಕ್ಕೆ ಆ ದಿನವೂ ಅವಕಾಶವಿದೆ. ಬಾವಿಗೆ ಬಿದ್ದ ಎತ್ತನ್ನು ವಿಶ್ರಾಂತಿಯ ದಿನವೂ ಮೇಲೆತ್ತುವ ಮಾತು ಬೈಬಲ್ಲಿನ ಲೂಕ 14ರಲ್ಲಿದೆ. ಒಬ್ಬ ಹಿರಿಯ ಕೇಳುತ್ತಾನೆ: ಎತ್ತಿಗೆ ಜೀವವಿತ್ತು, ಇವಳಿಗೆ ಎಲ್ಲಿದೆ? ವಾದ ಮುಗಿಯುವಷ್ಟರಲ್ಲಿ ಅಲೆ ಏರುತ್ತದೆ, ಸಾಕ್ಷಿ ತೊಳೆದುಹೋಗುತ್ತದೆ. ಸಾಕ್ಷಿ ಅಳಿಸಲು ನಾನು ಮಳೆ ಸುರಿಸಬೇಕಾಗಲಿಲ್ಲ. ಅವರ ನಂಬಿಕೆಯೇ ಆ ಕೆಲಸ ಮಾಡಿತು.

ಇನ್ನು ಮುಖ್ಯ ಸುಳಿವು. ಕಾದಂಬರಿಯ ಗುಟ್ಟು ಇಲ್ಲಿ ಒಡೆಯುತ್ತದೆ, ಬೇಡದವರು ಇಲ್ಲಿಗೇ ನಿಲ್ಲಿಸಬಹುದು.

ಚಳಿಗಾಲದಲ್ಲಿ ಅಂಥ ದ್ವೀಪಕ್ಕೆ ದೋಣಿ ಬರುವುದಿಲ್ಲ. 1877ರಲ್ಲಿ ಸೇಂಟ್ ಕಿಲ್ಡಾದಲ್ಲಿ ಸಿಕ್ಕಿಹಾಕಿಕೊಂಡಿದ್ದ ಜಾನ್ ಸ್ಯಾಂಡ್ಸ್ ಎಂಬ ಪತ್ರಕರ್ತ ಸಮುದ್ರದ ಮೂಲಕವೇ ಪತ್ರ ತೇಲಿಬಿಟ್ಟ. ಆಮೇಲೆ ದ್ವೀಪದವರು ಅದನ್ನೇ ರೂಢಿ ಮಾಡಿಕೊಂಡರು. ಮರದ ತುಂಡನ್ನು ದೋಣಿಯ ಹಾಗೆ ಕೆತ್ತಿ, ಒಳಗೆ ಪತ್ರ ಇಟ್ಟು, ತೇಲಲು ಕುರಿಯ ಚರ್ಮದ ಚೀಲ ಕಟ್ಟಿ, ವಾಯವ್ಯ ಗಾಳಿ ಬೀಸುವಾಗ ಬಿಡುತ್ತಿದ್ದರು. ನನ್ನ ಕಥೆಯಲ್ಲಿ ಅಂಥ ಒಂದು ಪತ್ರ ಹೋಗದೆ, ಅದೇ ದ್ವೀಪದ ಇನ್ನೊಂದು ದಡಕ್ಕೆ ಬಂದು ಬೀಳುತ್ತದೆ. ವಿಳಾಸ ಉಪ್ಪುನೀರಿಗೆ ಅಳಿಸಿದೆ. ಬರೆದವಳು ಸತ್ತ ಹೆಂಗಸೇ. ಓದಲು ಬರುವುದು ಎರಡು ಸಾಲು. ನಾನು ಆರನೇ ಆಜ್ಞೆಯನ್ನು ಮೀರಿದ್ದೇನೆ. ಪ್ರತಿ ರಾತ್ರಿ ಐವತ್ತನೇ ಕೀರ್ತನೆ ಹೇಳಿಕೊಳ್ಳುತ್ತೇನೆ.

ಬೈಬಲ್ಲಿನ ಹತ್ತು ಆಜ್ಞೆಗಳಲ್ಲಿ ಆರನೆಯದು ಯಾವುದೆಂದು ದ್ವೀಪದಲ್ಲಿ ಪ್ರತಿ ಮಗುವಿಗೂ ಗೊತ್ತು: ಕೊಲೆ ಮಾಡಬಾರದು. ಆ ಹೆಂಗಸಿನ ಮಗು ಎಂಟನೇ ದಿನ ಸತ್ತಿತ್ತು. ಊರು ಎರಡನ್ನೂ ಕೂಡಿಸುತ್ತದೆ. ಅವಳೇ ಮಗುವನ್ನು ಕೊಂದಳು, ಆಮೇಲೆ ಹಾರಿಕೊಂಡಳು ಅನ್ನುತ್ತಾರೆ. ಅಲ್ಲಿಗೇ ನಿಲ್ಲುವುದಿಲ್ಲ. ಹಾಗಾದರೆ ಉಳಿದ ಮಕ್ಕಳು? ದೇವರ ಚಿತ್ತ ಅಂದುಕೊಂಡ ಸಾವುಗಳೆಲ್ಲ ಇದ್ದಕ್ಕಿದ್ದಂತೆ ಕೊಲೆಗಳಾಗಿ ಕಾಣುತ್ತವೆ. ಎಲ್ಲರ ಕಣ್ಣು ಸೂಲಗಿತ್ತಿಯ ಮೇಲೆ ಬೀಳುತ್ತದೆ. ಇಡೀ ಪುಸ್ತಕದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು.

ನಿಜ ಏನೆಂದರೆ ಪತ್ರ ಬರೆದು ಸತ್ತ ಹೆಂಗಸು ಬಾರಾ ದ್ವೀಪದವಳು. ಸ್ಕಾಟ್‌ಲೆಂಡಿನ ಪಶ್ಚಿಮದ ದ್ವೀಪಸಾಲಾದ ಹೊರ ಹೆಬ್ರಿಡೀಸ್‌ನಲ್ಲಿ ಉತ್ತರದ ದ್ವೀಪಗಳು ಪ್ರೆಸ್ಬಿಟೇರಿಯನ್, ದಕ್ಷಿಣದ ಬಾರಾ ಮತ್ತು ಸೌತ್ ಯೂಯಿಸ್ಟ್ ಕ್ಯಾಥೊಲಿಕ್. ಆಜ್ಞೆಗಳು ಹತ್ತೇ, ಆದರೆ ಎಣಿಸುವ ರೀತಿ ಬೇರೆ. ವಿಗ್ರಹ ಬೇಡ ಅನ್ನುವುದನ್ನು ಕ್ಯಾಥೊಲಿಕರು ಮೊದಲನೆಯದರಲ್ಲೇ ಸೇರಿಸುತ್ತಾರೆ. ಕೊನೆಯಲ್ಲಿ ಪರರದ್ದಕ್ಕೆ ಆಸೆಪಡಬಾರದು ಅನ್ನುವುದನ್ನು ಎರಡಾಗಿ ಒಡೆಯುತ್ತಾರೆ. ಹಾಗಾಗಿ ಅವರಿಗೆ ಕೊಲೆ ಐದನೆಯದು, ವ್ಯಭಿಚಾರ ಆರನೆಯದು. ಕೀರ್ತನೆಯದೂ ಅದೇ ಕಥೆ. ಲ್ಯಾಟಿನ್ ಬೈಬಲ್ಲಿನಲ್ಲಿ 9 ಮತ್ತು 10 ಸೇರಿ ಒಂದೇ ಆಗಿರುವುದರಿಂದ ಅಲ್ಲಿಂದ ಮುಂದೆ ಬಹುಪಾಲು ಒಂದು ಸಂಖ್ಯೆ ಕಡಿಮೆ. ಅವಳ ಐವತ್ತು ದ್ವೀಪದವರ ಐವತ್ತೊಂದು. ಬೇರೊಬ್ಬನ ಹೆಂಡತಿ ಬತ್ಷೆಬೆಯ ಜೊತೆ ವ್ಯಭಿಚಾರ ಮಾಡಿದ ಮೇಲೆ ದಾವೀದ ರಾಜ ಅತ್ತು ಹಾಡಿದ ಕೀರ್ತನೆ ಅದು. ಬಾರಾದ ಪಾದ್ರಿಗೆ ಅವಳು ತನ್ನ ಪಾಪನಿವೇದನೆಯನ್ನು ಅಲೆಗಳ ಕೈಲಿ ಕಳಿಸಿದ್ದಳು. ಪತ್ರದಲ್ಲಿ ಪಾಪನಿವೇದನೆ ಸಲ್ಲದು ಎಂದು ರೋಮ್ 1602ರಲ್ಲೇ ಹೇಳಿದೆ. ಪಾಪ, ಅವಳಿಗೆಲ್ಲಿ ಗೊತ್ತು.

ಇಂಥ ಸುಳಿವಿನಲ್ಲಿ ಓದುಗರಿಗೆ ಮೋಸವಾಗಬಾರದು. ಎರಡೂ ಎಣಿಕೆ ಗೊತ್ತಿರುವವರು ಕಡಿಮೆ. ಅದಕ್ಕೇ ಎರಡನೇ ಅಧ್ಯಾಯದಲ್ಲಿ ಶಾಲೆಯ ಮಕ್ಕಳಿಂದ ಅದೇ ಕಿರು ಪ್ರಶ್ನೋತ್ತರ ಹೇಳಿಸಿದೆ. ಅದರಲ್ಲಿರುವುದು 107 ಪ್ರಶ್ನೆ, 67ನೆಯದು ಆರನೇ ಆಜ್ಞೆ ಯಾವುದು ಅನ್ನುವುದು. ಸುಮ್ನೆ ಮಕ್ಕಳ ತಮಾಷೆಯ ದೃಶ್ಯದ ಹಾಗೆ ಅದು ಸಾಗಿಹೋಗುತ್ತದೆ. ಅದೇ ದೃಶ್ಯದಲ್ಲಿ ಆ ಹೆಂಗಸಿನ ಮಗಳು ಆಜ್ಞೆಗಳನ್ನು ಎಣಿಸುತ್ತಾ ಒಂದು ಬೆರಳು ಹಿಂದೆ ಬೀಳುತ್ತಾಳೆ. ಮಾಸ್ತರು ಗದರುತ್ತಾರೆ. ತಾಯಿ ಹೇಳಿಕೊಟ್ಟಿದ್ದು ಅದು ಎಂದು ಅವರಿಗೆ ಹೊಳೆಯುವುದು ಎಷ್ಟೋ ತಡವಾಗಿ. ಪತ್ತೇದಾರರೂ ಅವರೇ.

ಬರೆಯುತ್ತಾ ಒಂದು ತೊಡಕು ಎದ್ದಿತು, ಅದೇ ಕಥೆಯನ್ನು ತಿರುಗಿಸಿತು. ಎಣಿಕೆಯ ಈ ವ್ಯತ್ಯಾಸ ದ್ವೀಪದವರಿಗೆ ಗೊತ್ತಿಲ್ಲ ಸರಿ, ಎಡಿನ್‌ಬರೋದಲ್ಲಿ ದೇವಶಾಸ್ತ್ರ ಓದಿ ಬಂದ ಸಭಾಪಾಲಕರಿಗೆ ಗೊತ್ತಿರಲೇಬೇಕಲ್ಲ? ಗೊತ್ತಿದ್ದರೆ ಯಾಕೆ ಸುಮ್ಮನಿದ್ದರು? ಗೊತ್ತಿರಬೇಕಾದವನ ಮೌನಕ್ಕಿಂತ ಒಳ್ಳೆಯ ಸುಳಿವು ಇನ್ನೊಂದಿಲ್ಲ. ಆದರೆ ಕಪಟ ಪಾದ್ರಿಯೇ ಕೊಲೆಗಾರ ಅನ್ನುವುದು ನನಗೆ ಬೇಡವಾಗಿತ್ತು, ಅದು ಬಹಳ ಅಗ್ಗ. ಅವರು ಕೊಂದವರಲ್ಲ. ಅವಳು ಕ್ಯಾಥೊಲಿಕ್ ಅಂತ ಗೊತ್ತಿದ್ದೂ ಮುಚ್ಚಿಟ್ಟು ಮದುವೆ ಮಾಡಿಸಿದವರು ಅವರು. ಈಗ ಬಾಯಿ ಬಿಟ್ಟರೆ ಅದೂ ಹೊರಬರುತ್ತದೆ. ಊರಿನ ಒತ್ತಾಯಕ್ಕೆ ಅವರು ಮುಂದಿನ ಭಾನುವಾರ ದ್ವೀಪದವರ ಎಣಿಕೆಯ ಐವತ್ತನೇ ಕೀರ್ತನೆಯನ್ನೇ ಓದಬೇಕಾಗುತ್ತದೆ. ಅದರ 18ನೇ ವಚನದಲ್ಲಿ ವ್ಯಭಿಚಾರಿಗಳ ಜೊತೆ ಸೇರುವವರ ಮಾತಿದೆ. ಆ ಸಾಲಿಗೆ ಒಬ್ಬ ಹಿರಿಯ ಕಣ್ಣು ತಗ್ಗಿಸುತ್ತಾನೆ. 21ರಲ್ಲಿ, ನೀನು ಹೀಗೆಲ್ಲ ಮಾಡಿದಾಗ ನಾನು ಮೌನವಾಗಿದ್ದೆ ಎಂದು ದೇವರು ಹೇಳುತ್ತಾನೆ. ಅಲ್ಲಿ ಸಭಾಪಾಲಕರ ದನಿ ನಿಲ್ಲುತ್ತದೆ. ಇದನ್ನು ನಾನು ಹೊಂಚಿ ಜೋಡಿಸಿದ್ದಲ್ಲ. ಸಂಖ್ಯೆಯ ಗೊಂದಲಕ್ಕಾಗಿ ಆ ಕೀರ್ತನೆ ತೆರೆದರೆ, ದೃಶ್ಯ ಅಲ್ಲೇ ಸಿದ್ಧವಾಗಿ ಕೂತಿತ್ತು.

ದೇವರನ್ನು ಎಲ್ಲಿ ಇಡುವುದು ಅನ್ನುವುದು ಈ ಬಗೆಯ ಬರವಣಿಗೆಯ ದೊಡ್ಡ ತಲೆನೋವು. ರೊನಾಲ್ಡ್ ನಾಕ್ಸ್ ಅನ್ನುವ ಕ್ಯಾಥೊಲಿಕ್ ಪಾದ್ರಿ 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ನಿಯಮ ಹಾಕಿದರು. ಅಲೌಕಿಕ ಶಕ್ತಿಗಳಿಗೆ ಜಾಗವಿಲ್ಲ ಅನ್ನುವುದು ಅದರಲ್ಲಿ ಎರಡನೆಯದು. ಹೇಳಿದ್ದು ಒಬ್ಬ ಪಾದ್ರಿ ಅನ್ನುವುದೇ ನನಗೆ ಧೈರ್ಯ. ನಾನು ಪಾಲಿಸಿದ್ದು ಇಷ್ಟು: ಪ್ರಾರ್ಥನೆಯಿಂದ ಪಾತ್ರಕ್ಕೆ ಧೈರ್ಯ ಸಿಗಬಹುದು, ಸುಳಿವು ಸಿಗಬಾರದು. ಕನಸಿನಲ್ಲಿ ಬಂದು ಕೊಲೆಗಾರನ ಹೆಸರು ಹೇಳುವ ದೇವರು ಕಥೆಯನ್ನೂ ಕೆಡಿಸುತ್ತಾನೆ, ಭಕ್ತಿಯನ್ನೂ ಕೆಡಿಸುತ್ತಾನೆ. ಬೈಬಲ್ಲಿನ ಯೆಹೋಶುವ 7ರಲ್ಲಿ ಕಳ್ಳ ಆಕಾನನನ್ನು ಹಿಡಿದ ಹಾಗೆ ಚೀಟು ಹಾಕಿ ತಪ್ಪಿತಸ್ಥನನ್ನು ಹುಡುಕೋಣ ಎಂದು ಒಬ್ಬ ಮುದುಕ ಹಟ ಹಿಡಿಯುತ್ತಾನೆ. ಚೀಟು ಸೂಲಗಿತ್ತಿಯ ಹೆಸರಿಗೆ ಬೀಳುತ್ತದೆ. ಗೋಥಿಕ್ ಬೇಕೆಂದವರಿಗೆ ಆ ರಾತ್ರಿಯ ಅಧ್ಯಾಯ ಸಾಕು.

ಕೊನೆಯನ್ನು ಕಾನೂನಿಗೆ ಬಿಟ್ಟೆ. ಸ್ಕಾಟ್‌ಲೆಂಡಿನಲ್ಲಿ ಇಂಗ್ಲೆಂಡಿನ ಹಾಗೆ ಸಾವಿನ ವಿಚಾರಣೆ ನಡೆಸುವ ಕರೋನರ್ ಇಲ್ಲ. ಅನುಮಾನದ ಸಾವನ್ನು ವಿಚಾರಿಸುವುದು ಪ್ರೊಕ್ಯುರೇಟರ್ ಫಿಸ್ಕಲ್ ಎಂಬ ಅಧಿಕಾರಿ. ಅವರು ಬರುವುದು ವಸಂತದ ಮೊದಲ ದೋಣಿಗೆ. ಅಪರಾಧ ಸಾಬೀತಾಗಲು ಒಂದೇ ಮೂಲದ ಸಾಕ್ಷ್ಯ ಸಾಲದು, ಇನ್ನೊಂದು ಅದನ್ನು ಬೆಂಬಲಿಸಬೇಕು. ಬೈಬಲ್ಲಿನ ಧರ್ಮೋಪದೇಶಕಾಂಡ 19:15 ಕೇಳುವುದೂ ಎರಡು ಮೂರು ಸಾಕ್ಷಿಗಳನ್ನೇ. ಕೀರ್ತನೆಗೆ ಕಣ್ಣು ತಗ್ಗಿಸಿದ ಆ ಹಿರಿಯನ ವಿರುದ್ಧ ಗಟ್ಟಿಯಾಗಿ ಇದ್ದದ್ದು ಒಂದೇ. ಆಗ ಅಲ್ಲಿ ದೋಷಿ, ನಿರ್ದೋಷಿ ಎಂಬ ಎರಡರ ಜೊತೆ ಸಾಬೀತಾಗಿಲ್ಲ ಎಂಬ ಮೂರನೇ ತೀರ್ಪೂ ಇತ್ತು. ಜ್ಯೂರಿ ಅದನ್ನೇ ಕೊಡುತ್ತದೆ, ಅವನು ಬೇಸಿಗೆಯಲ್ಲಿ ದ್ವೀಪಕ್ಕೆ ವಾಪಸ್ಸು ಬರುತ್ತಾನೆ. ಕರಡು ಓದಿದವರಲ್ಲಿ ಇದನ್ನು ಒಪ್ಪದವರೇ ಜಾಸ್ತಿ. ಗಲ್ಲು ಬೇಕಿತ್ತು ಅಂದರು. ನಾನು ಬದಲಾಯಿಸಲಿಲ್ಲ. ಮುಂದಿನ ಕರ್ತನ ಭೋಜನಕ್ಕೆ, ಅಂದರೆ ಸಭೆಯವರು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಗೆ, ಅವನನ್ನು ಮೇಜಿನ ಬಳಿ ಬಿಡಬೇಕೋ ಬೇಡವೋ ಎಂದು ಆ ಸಭೆಯೇ ತೀರ್ಮಾನಿಸಬೇಕು, ಆ ತೀರ್ಮಾನದಲ್ಲಿ ಸೂಲಗಿತ್ತಿಯ ಮಾತನ್ನೂ ಕೇಳುತ್ತಾರೆ.