ಎಂಟು ತಿಂಗಳು, ಎಪ್ಪತ್ತಾರು ಕಿಲೋ: ನನ್ನ ಬಡಕಲು ಕುದುರೆಯ ಲೆಕ್ಕ

ಚಂದ್ರಿಯನ್ನು ಮೊದಲ ಸಲ ಟಾಂಗಾ ಸ್ಟ್ಯಾಂಡಿಗೆ ಹಿಡಿದುಕೊಂಡು ಹೋದ ದಿನ ನಮ್ಮ ಚಾಚಾ ಬಾಯಿಂದ ಬೀಡಿಯನ್ನೂ ತೆಗೆಯದೆ ಹೇಳಿದರು: "ಇದಕ್ಕೆ ಹುಲ್ಲು ಹಾಕುವ ದುಡ್ಡಿನಲ್ಲಿ ಹಳೆಯ ಆಟೊ ಬರುತ್ತಿತ್ತಲ್ಲಪ್ಪ. ರೇಸಿನ ಕುದುರೆ ಎಲ್ಲಾದರೂ ಮೈ ಹಿಡಿಯುತ್ತದೆಯೇ?" ಸುತ್ತಲಿದ್ದವರು ನಕ್ಕರು. ನಗುವಂತೆಯೇ ಇದ್ದಳು ಅವಳು. ಪಕ್ಕೆಲುಬು ಎಣಿಸಬಹುದಿತ್ತು, ಬೆನ್ನುಮೂಳೆ ಏಣಿಯ ಹಾಗೆ ಎದ್ದಿತ್ತು, ಬಾಲದ ಬುಡದ ಎರಡೂ ಕಡೆ ನನ್ನ ಮುಷ್ಟಿ ಹಿಡಿಯುವಷ್ಟು ಗುಳಿ. ಹನ್ನೊಂದು ವರ್ಷದ ಥರೋಬ್ರೆಡ್, ಅಂದರೆ ರೇಸಿನ ತಳಿಯ ಹೆಣ್ಣು ಕುದುರೆ, ಸಂಕ್ರಾಂತಿ ಕಳೆದ ಮೇಲೆ ಇಪ್ಪತ್ತೆಂಟು ಸಾವಿರಕ್ಕೆ ತಂದಿದ್ದೆ. ಆ ವರ್ಷದ ದಸರೆಯ ಹೊತ್ತಿಗೆ ಅದೇ ಚಾಚಾ ಅವಳನ್ನು ತಮ್ಮ ಮೊಮ್ಮಗನ ಮದುವೆಯ ಮೆರವಣಿಗೆಗೆ ಕೇಳಿಕೊಂಡು ಬಂದರು. ನಾನು ಬಾಡಿಗೆಯಲ್ಲಿ ಒಂದು ರೂಪಾಯಿಯನ್ನೂ ಬಿಡಲಿಲ್ಲ.

ಕುದುರೆ ಕಟ್ಟಿಕೊಂಡವರಿಗೆ ಹುರುಳಿ ಏನು, ಬೂಸಾ ಏನು ಎಂದು ನಾನು ಹೇಳಬೇಕಾಗಿಲ್ಲ. ನಾನು ಎಡವಿದ್ದು ಎಲ್ಲಿ, ದುಡ್ಡು ಸೋರಿದ್ದು ಎಲ್ಲಿ ಎಂಬುದನ್ನಷ್ಟೇ ಬರೆಯುತ್ತೇನೆ. ಲೆಕ್ಕಗಳೆಲ್ಲ ನೆನಪಿನಿಂದ, ನೂರು ಇನ್ನೂರು ಆಚೀಚೆ ಇರಬಹುದು.

ಮೊದಲ ತಪ್ಪು ಹುರುಳಿಯದೇ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಒಂದೇ ಔಷಧ: ಕುದುರೆ ಸೊರಗಿತೋ, ಹುರುಳಿ ಹೆಚ್ಚಿಸು. ದೇಸಿ ತಟ್ಟುಗಳಿಗೆ ಅದು ನಡೆಯುತ್ತಿತ್ತು. ಚಂದ್ರಿಗೆ ವಾರದೊಳಗೆ ದಿನಕ್ಕೆ ನಾಲ್ಕು ಕಿಲೋದವರೆಗೆ ಏರಿಸಿದೆ, ಅದೂ ಎರಡೇ ಹೊತ್ತಿನಲ್ಲಿ. ಲದ್ದಿ ಸೆಗಣಿಯ ಹಾಗೆ ಸಡಿಲವಾಯಿತು. ಫೆಬ್ರವರಿ ಕೊನೆಯ ಒಂದು ಸೆಕೆಯ ದಿನ ಬೆಳಿಗ್ಗೆ ಬೇಯಿಸಿದ ಹುರುಳಿ ಉಳಿದಿತ್ತು. ಚೆಲ್ಲಲು ಮನಸ್ಸು ಬರದೆ ಸಂಜೆ ಅದನ್ನೇ ಹಾಕಿದೆ. ಮೂಸಿದ್ದರೆ ಹುಳಿ ವಾಸನೆ ತಿಳಿಯುತ್ತಿತ್ತು. ರಾತ್ರಿ ಹನ್ನೊಂದಕ್ಕೆ ಅವಳು ಹೊಟ್ಟೆಯ ಕಡೆ ತಿರುಗಿ ತಿರುಗಿ ನೋಡತೊಡಗಿದಳು, ಮಲಗಿದಳು, ಎದ್ದಳು, ಹೊರಳಲು ಹೋದಳು. ಡಾಕ್ಟರು ಬರುವವರೆಗೆ ಗಲ್ಲಿಯಲ್ಲಿ ಎರಡು ಗಂಟೆ ನಡೆಸಿದೆ. ಮೂಗಿನಿಂದ ನಳಿಕೆ, ಇಂಜೆಕ್ಷನ್ನು, ಡ್ರಿಪ್ಪು ಎಲ್ಲ ಸೇರಿ ನಾಲ್ಕು ಸಾವಿರದ ಮೇಲಾಯಿತು. ಚೆಲ್ಲಿದ್ದರೆ ಹೋಗುತ್ತಿದ್ದದ್ದು ನಲವತ್ತು ರೂಪಾಯಿಯ ಹುರುಳಿ.

ಎರಡನೆಯದು ಟಾನಿಕ್. ಡಬ್ಬದ ಮೇಲೆ ಹೊಳೆಯುವ ಕುದುರೆಯ ಚಿತ್ರ, ಒಂದೊಂದಕ್ಕೆ ಸಾವಿರದ ಎಂಟುನೂರರ ಸುಮಾರು. ಮೂರು ಡಬ್ಬ ಮುಗಿಸಿದೆ. ಮೂತ್ರದ ಬಣ್ಣ ಬದಲಾಯಿತು. ಅಷ್ಟೇ.

ದಾರಿ ಸಿಕ್ಕಿದ್ದು ಲಾಯ ಗುಡಿಸುವಾಗ. ಮೇವಿನ ತೊಟ್ಟಿಯ ಕೆಳಗೆ ಹೆಬ್ಬೆರಳು ಗಾತ್ರದ ಹುಲ್ಲಿನ ಉಂಡೆಗಳು ಬಿದ್ದಿದ್ದವು. ಒದ್ದೆ, ಅರ್ಧ ಅಗಿದದ್ದು, ಬತ್ತಿ ಹೊಸೆದಂತೆ ಉದ್ದಕ್ಕೆ ಸುತ್ತಿಕೊಂಡದ್ದು. ಒಂದನ್ನು ಬಿಡಿಸಿ ನೋಡಿದೆ. ಎಳೆಗಳು ತುಂಡಾಗಿಯೇ ಇರಲಿಲ್ಲ. ಆಮೇಲೆ ಲದ್ದಿಯನ್ನು ಬಕೆಟ್ಟಿನಲ್ಲಿ ಕದಡಿದೆ. ತಳದಲ್ಲಿ ಇಡೀ ಇಡೀ ಹುರುಳಿ ಕಾಳು. ನಾನು ಅಷ್ಟು ದಿನ ಸಾಕಿದ್ದು ಕುದುರೆಯನ್ನಲ್ಲ, ತಿಪ್ಪೆಯನ್ನು.

ಮೈಸೂರಿನಲ್ಲಿ ಪೊಲೀಸರ ಅಶ್ವಾರೋಹಿ ದಳ ಇದೆಯಲ್ಲ, ಅಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ನಮ್ಮ ಬಡಾವಣೆಯಲ್ಲೇ ಇದ್ದಾರೆ. ಅವರು ಬಂದು ನಾಲಿಗೆಯನ್ನು ಪಕ್ಕಕ್ಕೆ ಎಳೆದು ಹಿಡಿದು, ಟಾರ್ಚ್ ಬಿಟ್ಟು ತೋರಿಸಿದರು. ಮೇಲಿನ ದವಡೆ ಹಲ್ಲುಗಳ ಹೊರ ಅಂಚು ಗರಗಸ, ಕೆನ್ನೆಯ ಒಳಗೆಲ್ಲ ಗಾಯ. ಕೆಳಗಿನವುಗಳ ಒಳ ಅಂಚು ನಾಲಿಗೆಯನ್ನು ಕೊರೆದಿತ್ತು. "ನಿನ್ನ ಬಾಯಲ್ಲಿ ಬ್ಲೇಡು ಇಟ್ಟು ಬಿರಿಯಾನಿ ಬಡಿಸಿದರೆ ತಿನ್ನುತ್ತೀಯಾ?" ಎಂದು ಕೇಳಿದರು. ಹಲ್ಲು ಅರೆಯುವ ಕೆಲಸ ಬಲ್ಲ ಡಾಕ್ಟರು ಬೆಂಗಳೂರಿನಿಂದ ಬರಬೇಕಾಯಿತು. ಬೇರೆ ಇಬ್ಬರ ಕುದುರೆಗಳನ್ನೂ ಸೇರಿಸಿ ಕರೆಸಿದ್ದರಿಂದ ನನ್ನ ಪಾಲು ಎರಡೂವರೆ ಸಾವಿರ. ಆ ಎಂಟು ತಿಂಗಳಲ್ಲಿ ಅತ್ಯಂತ ಸಾರ್ಥಕವಾಗಿ ಖರ್ಚಾದ ಹಣ ಅದು.

ಅದೇ ವಾರ ಲದ್ದಿ ಪರೀಕ್ಷೆ, ರಕ್ತ ಪರೀಕ್ಷೆ ಎರಡೂ ಆದವು. ಜಂತಿನ ಔಷಧ ನಾನು ಮೊದಲೇ ಹಾಕಿದ್ದೆ, ಆದರೆ ಕಣ್ಣಂದಾಜಿನ ತೂಕಕ್ಕೆ. ಪರೀಕ್ಷೆಯಲ್ಲಿ ಗ್ರಾಮಿಗೆ ಸಾವಿರದ ಮೇಲೆ ಮೊಟ್ಟೆ ಬಂತು. ಟೇಪಿನಿಂದ ಅಳೆದು ಲೆಕ್ಕ ಹಾಕಿದ ತೂಕ ನೋಡಿ ಡಾಕ್ಟರು ಸರಿಯಾಗಿ ಹಾಕಿಸಿದರು. ಎರಡು ವಾರ ಬಿಟ್ಟು ಮತ್ತೆ ನೋಡಿದಾಗ ನೂರರ ಒಳಗೆ ಇಳಿದಿತ್ತು. ರಕ್ತ ತೆಗೆಸಿದ್ದು ಸರ್ರಾ ರೋಗದ ಅನುಮಾನಕ್ಕೆ. ಕುದುರೆ ನೊಣ ಕಚ್ಚಿ ಹರಡುವ ಈ ಕಾಯಿಲೆ ಬಂದರೆ ಬಂದು ಹೋಗುವ ಜ್ವರ, ಕಾಲು ಬಾವು, ಎಷ್ಟು ತಿಂದರೂ ಇಳಿಯುವ ಮೈ. ಜ್ವರ ಇಲ್ಲದ ದಿನ ತೆಗೆದ ರಕ್ತದಲ್ಲಿ ಅದು ಸಿಗದೆ ಹೋಗಬಹುದು ಎಂದು ಡಾಕ್ಟರು ಹೇಳಿದ್ದರಿಂದ ಎರಡು ಸಲ ನೋಡಿಸಿದೆ. ಇರಲಿಲ್ಲ, ಪುಣ್ಯ.

ಈಗ ಅಳತೆ. ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋದಲ್ಲಿ ತೂಕ ಬರುತ್ತದೆ, ಅಳತೆ ಸೆಂಟಿಮೀಟರಿನಲ್ಲಿರಬೇಕು. ಮಾರ್ಚ್ ಮೊದಲ ವಾರ ಚಂದ್ರಿಯ ಸುತ್ತು 160, ಉದ್ದ 157. ಅಂದರೆ 338 ಕಿಲೋ. ದರ್ಜಿಯ ಟೇಪು ಹಿಗ್ಗುತ್ತದೆ, ನಾನು ಅದರಲ್ಲಿ ಒಮ್ಮೆ ಮೋಸಹೋಗಿ ಒಂದೇ ವಾರದಲ್ಲಿ ಹದಿನೈದು ಕಿಲೋ ಇಳಿದಳೆಂದು ನಿದ್ದೆಗೆಟ್ಟಿದ್ದೆ. ಹಿಗ್ಗದ ಟೇಪು ಕೊಳ್ಳಿ. ಪ್ರತಿ ಭಾನುವಾರ ಬೆಳಿಗ್ಗೆ ಮೇವಿಗೆ ಮೊದಲು, ಅದೇ ಜಾಗದಲ್ಲಿ ನಿಲ್ಲಿಸಿ ಅಳೆಯಿರಿ. ಕುದುರೆಯ ಮೈ ಎಷ್ಟು ತುಂಬಿದೆ ಎಂದು ಹೇಳುವ, ಒಂದರಿಂದ ಒಂಬತ್ತರವರೆಗಿನ ಹೆನೆಕೆ ಅಂಕದಲ್ಲಿ ಆಗ ಅವಳು ಎರಡು.

ಹಲ್ಲು ಅರೆದ ಮೇಲೆ ಹತ್ತು ದಿನ ಕಾಳು ಹೆಚ್ಚುಕಡಿಮೆ ನಿಲ್ಲಿಸಿಬಿಟ್ಟೆ. ಮನೆಯವರು, ಸ್ಟ್ಯಾಂಡಿನವರು, ಎಲ್ಲರೂ ಬೈದರು. ಬಡಕಲು ಕುದುರೆಯನ್ನು ಉಪವಾಸ ಕೆಡವುತ್ತಿದ್ದಾನೆ ಎಂದು. ನಾನು ಹಾಕಿದ್ದು ಹುಲ್ಲು, ಬರೀ ಹುಲ್ಲು, ಇಪ್ಪತ್ತನಾಲ್ಕು ಗಂಟೆಯೂ. ಇಲ್ಲಿ ಇನ್ನೊಂದು ದಡ್ಡತನ ಬಯಲಾಯಿತು. ದಿನಕ್ಕೆ ಹತ್ತು ಕಿಲೋ ಗರಿಕೆ ಹಾಕುತ್ತಿದ್ದೇನಲ್ಲ, ಸಾಲದೇ ಎಂದು ಬೀಗುತ್ತಿದ್ದೆ. ಹಸಿ ಗರಿಕೆಯ ಹತ್ತು ಕಿಲೋದಲ್ಲಿ ಏಳಕ್ಕಿಂತ ಹೆಚ್ಚು ನೀರು. ಕುದುರೆಗೆ ಒಣ ಲೆಕ್ಕದಲ್ಲಿ ಅದರ ತೂಕದ ನೂರಕ್ಕೆ ಎರಡು ಪಾಲು ಬೇಕು. ಅವಳು ಮುಟ್ಟಬೇಕಾದ ತೂಕವನ್ನೇ ಹಿಡಿದರೆ ಎಂಟು ಕಿಲೋ ಮೀರುತ್ತದೆ. ನಾನು ಕೊಡುತ್ತಿದ್ದುದು ಮೂರೂ ಇಲ್ಲ! ಆಮೇಲೆ ಗರಿಕೆಯ ಜೊತೆ ಒಣಹುಲ್ಲು ನಾಲ್ಕು ಕಿಲೋ, ಒಣಗಿಸಿದ ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಎಂಬ ಮೇವಿನ ಬೆಳೆ) ಎರಡು ಕಿಲೋ ಎಂದು ಕಟ್ಟಿದೆ. ಭತ್ತದ ಹುಲ್ಲನ್ನು ಹಾಸಲು ಮಾತ್ರ ಬಳಸಿದೆ.

ಕುದುರೆ ಮಸಾಲೆಯಲ್ಲಿ ಇನ್ನೊಂದು ಲಾಭ. ರೇಸಿನಿಂದ ಬಂದ ಕುದುರೆಗಳಲ್ಲಿ ಹೊಟ್ಟೆಹುಣ್ಣು ಸಾಮಾನ್ಯ. ಹೊಟ್ಟೆ ಖಾಲಿ ಇದ್ದರೂ ಕುದುರೆಗೆ ಆಮ್ಲ ಸುರಿಯುತ್ತಲೇ ಇರುತ್ತದೆ, ಈ ಸೊಪ್ಪಿನ ಸುಣ್ಣಾಂಶ ಅದರ ಉರಿ ತಗ್ಗಿಸುತ್ತದೆ. ಎಂಡೋಸ್ಕೋಪಿ, ಒಮೆಪ್ರಜೋಲ್ ಪೇಸ್ಟು ಎಂದು ಡಾಕ್ಟರು ಹೇಳಿದ ಮೊತ್ತ ಕೇಳಿ ಎದ್ದು ಬಂದೆ. ಬದಲಿಗೆ ಕೆಲಸಕ್ಕೆ ಹೂಡುವ ಅರ್ಧ ಗಂಟೆ ಮೊದಲು ಎರಡು ಹಿಡಿ ಕುದುರೆ ಮಸಾಲೆ ತಪ್ಪದೆ ತಿನ್ನಿಸಿದೆ. ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬರುತ್ತಿದ್ದವಳು ತಿಂಗಳೊಳಗೆ ಸುಮ್ಮನೆ ನಿಲ್ಲತೊಡಗಿದಳು. ಹುಣ್ಣು ಇತ್ತೋ ಇಲ್ಲವೋ, ಕಚ್ಚುವುದಂತೂ ನಿಂತಿತು.

ಹನ್ನೊಂದನೆಯ ದಿನದಿಂದ ಕಾಳು ಮತ್ತೆ ಬಂತು, ಆದರೆ ದಿನಕ್ಕೆ ನಾಲ್ಕು ಸಲ, ಸಲಕ್ಕೆ ಮುನ್ನೂರು ಗ್ರಾಂನಿಂದ. ಕುದುರೆಯ ಜಠರ ಮೈಗೆ ಹೋಲಿಸಿದರೆ ಬಹಳ ಚಿಕ್ಕದು. ಮೇ ತಿಂಗಳಲ್ಲಿ ಒಟ್ಟು ಮೂರು ಕಿಲೋಗೆ ನಿಂತೆ: ಹುರುಳಿ ಒಂದು, ನುಚ್ಚು ಮಾಡಿದ ಜವೆಗೋಧಿ ಒಂದು, ಗೋಧಿ ಬೂಸಾ ಅರ್ಧ, ಬೇಯಿಸಿದ ಅಗಸೆ ಮತ್ತು ಸೋಯಾ ಹಿಂಡಿ ಸೇರಿ ಇನ್ನರ್ಧ. ಡಬ್ಬದ ಲೆಕ್ಕ ಬಿಟ್ಟು ತಕ್ಕಡಿ ಇಟ್ಟೆ. ಒಂದು ಲೀಟರ್ ಡಬ್ಬದಲ್ಲಿ ಹುರುಳಿ ಎಂಟುನೂರು ಗ್ರಾಂ ಹಿಡಿದರೆ ಬೂಸಾ ಕಾಲು ಕಿಲೋ ಹಿಡಿಯುವುದೂ ಕಷ್ಟ. "ಎರಡೆರಡು ಡಬ್ಬ" ಎನ್ನುವ ನಮ್ಮ ಅಜ್ಜಂದಿರ ಲೆಕ್ಕ ಇಲ್ಲೇ ತಪ್ಪುತ್ತದೆ.

ಹಸುವಿನ ಫೀಡು ಅಗ್ಗವೆಂದು ಬೆರೆಸುವವರನ್ನು ನೋಡಿದ್ದೇನೆ. ಬೇಡ. ಅದರಲ್ಲಿ ಯೂರಿಯಾ ಇರಬಹುದು, ದನಗಳ ಮೇವಿಗೆ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಇರಬಹುದು. ಮೊನೆನ್ಸಿನ್ ಸ್ವಲ್ಪವೇ ಆದರೂ ಕುದುರೆಯ ಹೃದಯಕ್ಕೆ ವಿಷ. ಕಡಲೆಕಾಯಿ ಹಿಂಡಿಯೂ ಅಷ್ಟೇ, ಬೂಷ್ಟು ಕಣ್ಣಿಗೆ ಕಾಣದೆ ಯಕೃತ್ತು ಕೆಡಿಸುತ್ತದೆ.

ನಿಜವಾಗಿ ಮೈ ತುಂಬಿಸಿದ್ದು ಎಣ್ಣೆ. ಅಕ್ಕಿ ತೌಡಿನ ಎಣ್ಣೆ, ಎರಡು ಚಮಚದಿಂದ ಶುರುಮಾಡಿ ಐದು ವಾರಕ್ಕೆ ಮುನ್ನೂರು ಎಂಎಲ್. ಕುದುರೆಗೆ ಪಿತ್ತಕೋಶವೇ ಇಲ್ಲ, ಅವಸರ ಮಾಡಿದರೆ ಲದ್ದಿ ಜಿಡ್ಡಾಗಿ ಹೊರಬರುತ್ತದೆ. ಕಾಳಿನ ಎರಡರಷ್ಟಕ್ಕೂ ಹೆಚ್ಚು ಕಸುವು ಎಣ್ಣೆಯಲ್ಲಿದೆ, ತಲೆಗೆ ಹುಮ್ಮಸ್ಸು ಏರುವುದಿಲ್ಲ. ದಿನಕ್ಕೆ ನಲವತ್ತು ನಲವತ್ತೈದು ರೂಪಾಯಿ. ಜೊತೆಗೆ ವಿಟಮಿನ್ ಇ ಬೇಕು. ಮೊದಲು ಎಣ್ಣೆಯ ವಾಸನೆಗೆ ಮೂತಿ ತಿರುಗಿಸುತ್ತಿದ್ದ ಚಂದ್ರಿ ಈಗ ಬಕೆಟ್ಟಿನ ತಳ ನೆಕ್ಕುತ್ತಾಳೆ. ಅದಕ್ಕೆ ನಾನು ಬೆರೆಸುವ ಒಂದು ವಸ್ತು ದೇವರಾಜ ಮಾರುಕಟ್ಟೆಯಲ್ಲಿ ಹತ್ತು ರೂಪಾಯಿಗೆ ಸಿಗುತ್ತದೆ. ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಬೆಲ್ಲವಲ್ಲ, ಅಷ್ಟು ಹೇಳಬಲ್ಲೆ.

ನಡುವೆ ಆಟಗಳನ್ನೂ ಆಡಿದೆ. ನೀರಿನ ಮೇಲೆ ತೇಲಿ ಬೆಳೆಯುವ ಅಜೋಲಾ ಎಂಬ ಮೇವಿಗೆ ತೊಟ್ಟಿ ಕಟ್ಟಿದೆ. ಅವಳು ಮೂಸಿ ಸೀನಿದಳು, ಅದು ಪಕ್ಕದ ಮನೆಯ ಕೋಳಿಗಳಿಗೆ ಹೋಯಿತು. ಟ್ರೇಗಳಲ್ಲಿ ಮಣ್ಣಿಲ್ಲದೆ ಜೋಳದ ಮೊಳಕೆ ಬೆಳೆಸಿದೆ. ಮಳೆ ಶುರುವಾದ ಮೇಲೆ ಬುಡದಲ್ಲಿ ಬಿಳಿ ಬೂಷ್ಟು, ಎರಡು ಸಾವಿರ ನೀರಿಗೆ. ಮೊಳಕೆ ಕಟ್ಟಿದ ಹುರುಳಿ ಮಾತ್ರ ಅವಳಿಗೆ ಪ್ರಾಣ, ಈಗಲೂ ವಾರಕ್ಕೆ ಮೂರು ದಿನ. ಮೀನಿನ ಬಲೆಯಲ್ಲಿ ಹುಲ್ಲು ತುಂಬಿ ನೇತುಹಾಕಿದ್ದು ಚೆನ್ನಾಗಿ ಕೆಲಸ ಮಾಡಿತು, ಹುಲ್ಲು ತುಳಿದು ಹಾಳಾಗುವುದು ಅರ್ಧಕ್ಕೆ ಇಳಿಯಿತು. ಎದೆಗಿಂತ ಮೇಲೆ ಕಟ್ಟಿ, ಲಾಳ ಸಿಕ್ಕಿಕೊಂಡೀತು. ಗೆಳೆಯನೊಬ್ಬ ನೇಪಿಯರ್ ಹುಲ್ಲು ಬೆಳೆದು ಅದನ್ನೇ ವರ್ಷಪೂರ್ತಿ ಹಾಕಿದ, ಮೇಲೆ ಬೂಸಾ. ಅವನ ಕುದುರೆಯ ಮುಖದ ಮೂಳೆ ಎರಡೂ ಕಡೆ ಊದಿತು. ಆ ಹುಲ್ಲಿನ ಆಕ್ಸಲೇಟು ಸುಣ್ಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ, ಬೂಸಾದ ರಂಜಕ ಇದ್ದುದನ್ನೂ ಕೆಡಿಸುತ್ತದೆ. ನಾನು ಬೂಸಾವನ್ನು ಅರ್ಧ ಕಿಲೋಗೆ ನಿಲ್ಲಿಸಿ ಕುದುರೆ ಮಸಾಲೆ ಬಿಡದೆ ಇದ್ದದ್ದು ಅದನ್ನು ಕಂಡೇ.

ಇನ್ನೊಂದು, ಯಾರೂ ನಂಬದ್ದು. ಚಂದ್ರಿ ರಾತ್ರಿಯೆಲ್ಲ ಬಾಗಿಲಲ್ಲಿ ನಿಂತು ಎಡಕ್ಕೂ ಬಲಕ್ಕೂ ತೂಗುತ್ತಿದ್ದಳು. ತಿಂದದ್ದೆಲ್ಲ ಅಲ್ಲೇ ಕರಗುತ್ತಿತ್ತು. ಒಂದು ಮೇಕೆ ತಂದು ಜೊತೆಗೆ ಕಟ್ಟಿದೆ, ಮೂರೂವರೆ ಸಾವಿರ. ನಾಲ್ಕನೆಯ ರಾತ್ರಿಗೆ ತೂಗುವುದು ನಿಂತಿತು. ಬಕ್ರೀದ್ ಹತ್ತಿರ ಬಂದಾಗ ಮೇಕೆಗೆ ಒಳ್ಳೆಯ ಬೆಲೆ ಕೇಳಿದರು; ಕೊಡಲಿಲ್ಲ.

ಜೂನ್ ಕೊನೆಗೆ 370, ಆಗಸ್ಟಿನಲ್ಲಿ 395ರ ಸುಮಾರು, ದಸರೆಗೆ ಮೊದಲ ವಾರ ಸುತ್ತು 177, ಅಂದರೆ 414. ಹೆನೆಕೆ ಅಂಕ ಐದು. ಪಕ್ಕೆಲುಬು ಕಾಣುವುದಿಲ್ಲ, ಒತ್ತಿದರೆ ಕೈಗೆ ಸಿಗುತ್ತದೆ. ತಿಂಗಳ ಮೇವು ಹತ್ತರಿಂದ ಹನ್ನೊಂದು ಸಾವಿರ. ಟಾನಿಕ್ಕು, ಕೋಲಿಕ್ಕು (ಆ ರಾತ್ರಿಯ ಹೊಟ್ಟೆನೋವು), ಟ್ರೇ, ತೊಟ್ಟಿ ಎಂದು ನೀರಿಗೆ ಹಾಕಿದ್ದು ಹದಿಮೂರು ಸಾವಿರ.

ಏರಿದ್ದನ್ನು ಉಳಿಸುವುದರಲ್ಲೂ ಒಮ್ಮೆ ಸೋತೆ. ದಸರೆ ಮುಗಿದ ಮೇಲೆ, ಇನ್ನೇನು ಮೈ ತುಂಬಿತಲ್ಲ ಎಂದು ಎಣ್ಣೆಯನ್ನು ಒಂದೇ ದಿನ ನಿಲ್ಲಿಸಿದೆ. ಆಗ ದಿನಕ್ಕೆ ಐದಾರು ಸವಾರಿ ಬೇರೆ. ಐದು ವಾರದಲ್ಲಿ ಹದಿನಾರು ಕಿಲೋ ಇಳಿಯಿತು, ಏರಲು ಎರಡೂವರೆ ತಿಂಗಳು ಹಿಡಿಯಿತು. ಈಗ ಎಣ್ಣೆ ನೂರೈವತ್ತು ಎಂಎಲ್‌ಗೆ ನಿಂತಿದೆ, ಕಾಳು ಎರಡು ಕಿಲೋ, ಹುಲ್ಲಿಗೆ ಲೆಕ್ಕವಿಲ್ಲ. ಮದುವೆಯ ತಿಂಗಳುಗಳಲ್ಲಿ ಕಾಳು ಮಾತ್ರ ಅರ್ಧ ಕಿಲೋ ಏರುತ್ತದೆ. ಹಲ್ಲು ವರ್ಷಕ್ಕೊಮ್ಮೆ, ಲದ್ದಿ ಪರೀಕ್ಷೆ ಮೂರು ತಿಂಗಳಿಗೊಮ್ಮೆ. ತಿಂಗಳ ಖರ್ಚು ಎಂಟೂವರೆ ಸಾವಿರದ ಆಸುಪಾಸು.

ಕಳೆದ ವಾರ ಚಾಚಾ ತಮ್ಮ ಗಂಡು ಕುದುರೆಯನ್ನು ಹಿಡಿದುಕೊಂಡು ಬಂದಿದ್ದರು. ಎರಡು ತಿಂಗಳಿಂದ ಇಳಿಯುತ್ತಿದೆಯಂತೆ, ಹುರುಳಿ ಐದು ಕಿಲೋಗೆ ಏರಿಸಿದ್ದಾರಂತೆ. ಎಣ್ಣೆಗೆ ಏನು ಬೆರೆಸುತ್ತೀಯ ಹೇಳು ಎಂದು ಪಟ್ಟು ಹಿಡಿದರು. ನಾನು ಟಾರ್ಚ್ ತರಲು ಒಳಗೆ ಹೋದೆ.